ಜೋಡಿ ಇಲಿ

ಶುಕ್ರವಾರ ಬಂತೆಂದರೆ ಕಸ್ತೂರಿ ಇಲಿಗಳ ಕಾಲಿಗೆ ಬಣ್ಣ ಹಚ್ಚುತ್ತಿದ್ದಳು.

ಮುಂಗಾಲಿಗೆ ಕೆಂಪು, ಹಿಂಗಾಲಿಗೆ ನೀಲಿ. ಶಾಲೆಯ ಮಕ್ಕಳು ಚಿತ್ರಕ್ಕೆ ಬಳಸುವ ನೀರುಬಣ್ಣವೇ. ಎಡಗೈಯಲ್ಲಿ ಇಲಿಯನ್ನು ಮೆತ್ತಗೆ ಹಿಡಿದು ನಾಲ್ಕೂ ಪಾದಕ್ಕೆ ಬಣ್ಣ ಸವರಿ, ಎರಡು ಮೊಳ ಉದ್ದದ ಸಂದಿಯಂಥ ಪೆಟ್ಟಿಗೆಯ ಈ ತುದಿಗೆ ಬಿಟ್ಟರೆ ಅದು ಆ ತುದಿಯ ಕತ್ತಲೆ ಗೂಡಿಗೆ ಓಡುತ್ತಿತ್ತು. ಕೆಳಗೆ ಹಾಸಿದ ಬಿಳಿ ಕಾಗದದ ಪಟ್ಟಿಯ ಮೇಲೆ ಹೆಜ್ಜೆಗಳು ಮೂಡುತ್ತಿದ್ದವು. ಆರೋಗ್ಯವಾಗಿರುವ ಇಲಿಯಾದರೆ ನೀಲಿ ಹೆಜ್ಜೆ ಕೆಂಪು ಹೆಜ್ಜೆಯ ಮೇಲೇ ಬೀಳಬೇಕು. ನೇರಳೆ ಬಣ್ಣದ ಪುಟ್ಟ ಹೂಗಳನ್ನು ಎರಡು ಸಾಲಾಗಿ ಇಟ್ಟಂತೆ ಕಾಣಬೇಕು.

ಅಂದಿನ ಪಟ್ಟಿಯಲ್ಲಿ ಹೂವಿರಲಿಲ್ಲ. ಕೆಂಪು ಒಂದು ಕಡೆ, ನೀಲಿ ಒಂದು ಕಡೆ. ಬಲ ಹಿಂಗಾಲಿನದಂತೂ ಹೆಜ್ಜೆಯೇ ಅಲ್ಲ, ಎಳೆದ ಗೆರೆ.

"ಮೇಡಂ, ನಾಕನೂರಾ ಹದಿನೇಳ ನಂಬರಿನಾಗ ಹಿಂಗ ಆಗಿದ್ದು ಇದು ಮೂರನೇದು," ಎಂದಳು ಕಸ್ತೂರಿ.

ಡಾಕ್ಟರ್ ನಫೀಸಾ ಮುಲ್ಲಾ ಕನ್ನಡಕವನ್ನು ಹಣೆಗೇರಿಸಿ ಪಟ್ಟಿಯ ಮೇಲೆ ಬಗ್ಗಿದರು. "ಬಾಲಾ ಹಿಡದು ಎತ್ರಿ, ನೋಡೋಣು."

ಕಸ್ತೂರಿ ಎತ್ತಿದಳು. ಬಾಲ ಹಿಡಿದು ಎತ್ತಿದರೆ ಯಾವ ಇಲಿಯೂ ಬೀಳುವ ಭಯಕ್ಕೆ ಹಿಂಗಾಲುಗಳನ್ನು ಅಗಲವಾಗಿ ಚಾಚುತ್ತದೆ. ಇದು ಚಾಚಲಿಲ್ಲ. ಎರಡೂ ಕಾಲನ್ನು ಹೊಟ್ಟೆಗೆ ಅವುಚಿ, ಒಂದರಿಂದ ಇನ್ನೊಂದನ್ನು ಹಿಡಿದುಕೊಂಡು ನಡುಗತೊಡಗಿತು. ಮೀಸೆಯ ಕೂದಲು ಉಳಿದ ಇಲಿಗಳಂತೆ ನೆಟ್ಟಗಿರದೆ ಒಳಕ್ಕೆ ಸುರುಳಿ ಸುತ್ತಿತ್ತು. ಬಾಲದ ತುದಿಯಲ್ಲಿ ಸಣ್ಣದೊಂದು ಸೊಟ್ಟ.

"ಎಂಟನೇ ವಾರಕ್ಕ ಸುರು ಆಗೇದ," ನಫೀಸಾ ಬರೆದುಕೊಳ್ಳುತ್ತ ಹೇಳಿದರು. "ಅಂದ್ರ ಮನಶ್ಯಾರ ಲೆಕ್ಕಕ್ಕ ಆರು ವರ್ಷ."

ಕಸ್ತೂರಿಯ ಮಗಳು ಸಂಪದಾಗೆ ಬರುವ ತಿಂಗಳು ಆರು ತುಂಬುವುದಿತ್ತು.

ಆ ಕಾಲಕ್ಕೆ ಹುಟ್ಟಿದ ಪ್ರತಿ ಮಗುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು, ಅದರ ವಂಶವಾಹಿಗಳನ್ನು ಮೊದಲಿನಿಂದ ಕೊನೆಯವರೆಗೆ ಓದುವುದು ರೂಢಿಯಾಗಿತ್ತು. ಮುನ್ನೂರು ಕೋಟಿ ಅಕ್ಷರಗಳ ಆ ಬರಹದಲ್ಲಿ ಯಾವ ತಪ್ಪು ಯಾವ ಕಾಯಿಲೆ ತರುತ್ತದೆಂಬುದು ಬಹುಮಟ್ಟಿಗೆ ತಿಳಿದಿತ್ತು. ಆದರೂ ಕೆಲವು ಮಕ್ಕಳಲ್ಲಿ ಎಲ್ಲೋ ಒಂದು ಅಕ್ಷರ, ಅದುವರೆಗೆ ಯಾರಲ್ಲೂ ಕಾಣದ ರೀತಿಯಲ್ಲಿ ಬದಲಾಗಿರುತ್ತಿತ್ತು. ಅದು ಜೀವಮಾನವೆಲ್ಲ ಸುಮ್ಮನೆ ಇದ್ದುಬಿಡಬಹುದು. ಹತ್ತನೆಯ ವರ್ಷಕ್ಕೆ ಕಣ್ಣನ್ನೋ ಕಾಲನ್ನೋ ಕಸಿದುಕೊಳ್ಳಲೂಬಹುದು. ಅಂಥ ಮಕ್ಕಳಿಗಾಗಿ ಜೋಡಿ ಇಲಿ ಯೋಜನೆ ಶುರುವಾಗಿತ್ತು. ಮಗುವಿನಲ್ಲಿ ಬದಲಾದ ಅಕ್ಷರವನ್ನೇ ಇಲಿಗಳ ಒಂದು ಸಂತತಿಯಲ್ಲೂ ಬದಲಾಯಿಸಿ ಅವನ್ನು ಸಾಕುವುದು. ಇಲಿಯ ಒಂದು ತಿಂಗಳೆಂದರೆ ಮನುಷ್ಯನ ಮೂರು ವರ್ಷ. ಮಗುವಿಗೆ ಮುಂದೆ ಬರಲಿರುವುದು ಇಲಿಗೆ ಮೊದಲೇ ಬಂದು ತೋರಿಸುತ್ತದೆ.

ಧಾರವಾಡದ ಹೊರಗೆ, ಗುಡ್ಡದ ಬದಿಗಿದ್ದ ಆ ಕಟ್ಟಡವನ್ನು ಊರವರು 'ಇಲಿ ಮನಿ' ಎನ್ನುತ್ತಿದ್ದರು. ರಾಜ್ಯದಲ್ಲಿ ಇಂಥವು ಐದಿದ್ದವು. ಯಾವ ಸಂತತಿ ಯಾವ ಮಗುವಿನದೆಂದು ಅಲ್ಲಿ ಕೆಲಸ ಮಾಡುವ ಯಾರಿಗೂ, ಡಾಕ್ಟರಿಗೂ, ಗೊತ್ತಿರುತ್ತಿರಲಿಲ್ಲ. ಪಂಜರದ ಚೀಟಿಯ ಮೇಲೆ ಬರೀ ಅಂಕಿ. ಹೆಸರು, ವಿಳಾಸ ಎಲ್ಲ ದೂರದ ಊರಿನ ಕಚೇರಿಯೊಂದರಲ್ಲಿ. ನಾಲ್ಕು ತಿಂಗಳ ನಂತರ ಮೊದಲ ವರದಿ ಅಲ್ಲಿಗೆ ಹೋಗಿ, ಅಲ್ಲಿಂದ ತಂದೆತಾಯಿಗೆ ಪತ್ರ ಬರುತ್ತಿತ್ತು.

ಸಂಪದಾ ಹುಟ್ಟಿದ ವಾರ ಹೆರಿಗೆ ಆಸ್ಪತ್ರೆಯವರು ಕೊಟ್ಟ ಕಾರ್ಡು ಕಸ್ತೂರಿಯ ಮನೆಯ ದೇವರ ಜಗಲಿಯಲ್ಲಿ, ವಿಭೂತಿಯ ಬಟ್ಟಲಿನ ಕೆಳಗಿತ್ತು. ಅದರಲ್ಲಿ ಒಂದೇ ಸಾಲು: 'ಅರ್ಥ ತಿಳಿಯದ ಅಕ್ಷರ: ಒಂದು.' ಸಾವಿರಾರು ಮಕ್ಕಳ ಸರದಿ. ಸಂಪದಾಳ ಸರದಿ ಈ ವರ್ಷ ಎಂದು ಸಂಕ್ರಾಂತಿಯ ಹೊತ್ತಿಗೆ ತಿಳಿಸಿದ್ದರು. ಈ ವರ್ಷ ಇಲ್ಲಿಗೆ ಬಂದ ಹೊಸ ಸಂತತಿಗಳು ಒಂಬತ್ತು. ಇವುಗಳಲ್ಲಿ ತನ್ನ ಮಗಳದು ಇದ್ದೀತು, ಇಲ್ಲದೆಯೂ ಇದ್ದೀತು. ಪ್ರತಿ ಪಂಜರದ ಮುಂದೆ ನಿಂತಾಗಲೂ ಕಸ್ತೂರಿ ಅದನ್ನೇ ಯೋಚಿಸುತ್ತಿದ್ದಳು.

ಅಂದಿನಿಂದ ನಾಲ್ಕುನೂರ ಹದಿನೇಳರ ಮುಂದೆ ಮಾತ್ರ.

*

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಕಸ್ತೂರಿ ಬಚ್ಚಲ ಬಾಗಿಲಿನ ಸದ್ದಿಗೆ ತಿರುಗಿದಳು. ಸಂಪಿ ಸ್ನಾನ ಮುಗಿಸಿ, ಟವೆಲ್ ಸುತ್ತಿಕೊಂಡು, ಅಜ್ಜಿಯ ಕೈ ಹಿಡಿದು ಪಡಸಾಲೆಯತ್ತ ಹೊರಟಿದ್ದಳು. ನೆಲದ ಶಹಾಬಾದಿ ಫರಸಿಕಲ್ಲಿನ ಮೇಲೆ ಒದ್ದೆ ಹೆಜ್ಜೆಗಳು. ಎಡಗಾಲಿನದು ಐದೂ ಬೆರಳು ಮೂಡಿದ ಚಂದದ ಪಾದ. ಬಲಗಾಲಿನದು ಮುಂದಕ್ಕೆ ಉದ್ದಕ್ಕೆ ಎಳೆದಿತ್ತು.

ಕಸ್ತೂರಿ ಹಿಟ್ಟಿನ ಕೈಯಲ್ಲೇ ಬಂದು ನೆಲಕ್ಕೆ ಕೂತಳು. ಗೇಣು ಇಟ್ಟು ನೋಡಿದಳು. ಎಡದಿಂದ ಬಲಕ್ಕೆ ಒಂದು ಗೇಣು, ನಾಲ್ಕು ಬೆರಳು. ಬಲದಿಂದ ಎಡಕ್ಕೆ ಒಂದು ಗೇಣು, ಎರಡೇ ಬೆರಳು. ಇಲಿಗಳ ಪಟ್ಟಿಯ ಮೇಲೆ ಅವಳು ಅಳೆಯುತ್ತಿದ್ದದ್ದೂ ಇದೇ ಅಂತರ.

"ಏನ ಬಿದ್ದೈತಿಬೇ ಅಲ್ಲಿ?" ಅತ್ತೆ ಶಿವಗಂಗವ್ವ ಗೋಡೆ ಹಿಡಿದು ತಿರುಗಿದರು. ಅವರಿಗೆ ಮೊಣಕಾಲು ನೋವು, ಬೇಗ ತಿರುಗಲು ಆಗುತ್ತಿರಲಿಲ್ಲ.

"ಏನಿಲ್ಲರಿ ಅತ್ತಿ. ಸಂಪೀ, ಕಾಲ ನೋವ ಐತೇನವಾ?"

"ಇಲ್ಲಬೇ."

"ಜುಮ್ ಅಂತೈತೇನು? ಇರಿವಿ ಹರದಂಗ ಆಗ್ತೈತೇನು?"

"ಇರಿವಿ ಎಲ್ಲೈತಿ?" ಸಂಪಿ ನೆಲವನ್ನೆಲ್ಲ ಹುಡುಕಿದಳು. ಅವಳ ಕಣ್ಣಿನ ರೆಪ್ಪೆಗಳು ಹುಟ್ಟಿನಿಂದಲೂ ಸುರುಳಿ. ನೆರೆಯವರೆಲ್ಲ ಗೊಂಬೆಯ ಕಣ್ಣು ಎಂದು ಮುದ್ದು ಮಾಡುತ್ತಿದ್ದರು. ಇಂದು ಆ ಸುರುಳಿಯನ್ನು ಕಂಡು ಕಸ್ತೂರಿಗೆ ಇಲಿಯ ಮೀಸೆ ನೆನಪಾಯಿತು.

ತವೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂತು.

ಅವಳ ಗಂಡ ಈರಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಸೀದ ರೊಟ್ಟಿಯನ್ನು ಮಾತಿಲ್ಲದೆ ತಿಂದು, ಹೆಂಡತಿಯ ಮುಖ ನೋಡಿ, "ಏನಾತು?" ಎಂದ. ಕಸ್ತೂರಿ ಹೇಳಿದಳು. ಅವನು ಕೈ ತೊಳೆಯುತ್ತ ನಕ್ಕ. "ಅಲ್ಲ, ನಿನ್ನ ಇಲಿಗೋಳು ನನ್ನ ಮಗಳ ಕುಂಡಲಿ ಬರೀತಾವೇನ? ನಮ್ಮ ಡಿಪೋದಾಗ ಒಂದ ಬಸ್ಸು ಎಡಕ್ಕ ಎಳದ್ರ, ಊರಾಗಿನ ಬಸ್ಸೆಲ್ಲಾ ಕೆಟ್ಟಾವು ಅಂತ ಕುಂದ್ರತೀನೇನ ನಾ?"

"ಒಂದ ಕಂಪನೀ ಬಸ್ಸಾದ್ರ ಕುಂದ್ರತೀರಿ," ಎಂದಳು ಕಸ್ತೂರಿ.

ಈರಣ್ಣ ಮತ್ತೆ ನಗಲಿಲ್ಲ. ಹೊರಡುವಾಗ ಮಗಳನ್ನು ಅಂಗಳದ ಆ ತುದಿಯಿಂದ ಈ ತುದಿಗೆ ಎರಡು ಸಲ ಓಡಿಸಿ, ಸೊಂಟದ ಮೇಲೆ ಕೈಯಿಟ್ಟು ನೋಡಿದ.

*

ನಾಲ್ಕುನೂರ ಹದಿನೇಳು ಎಂದರೆ ಆರು ಪಂಜರ, ಪಂಜರಕ್ಕೆ ನಾಲ್ಕರಂತೆ ಇಪ್ಪತ್ತನಾಲ್ಕು ಇಲಿ. ಹತ್ತನೆಯ ವಾರಕ್ಕೆ ಅವುಗಳಲ್ಲಿ ಹದಿನೈದು ಕಾಲೆಳೆಯುತ್ತಿದ್ದವು. ತಿರುಗುವ ಕೋಲಿನ ಮೇಲೆ ಬೇರೆ ಇಲಿಗಳು ಮೂರು ನಿಮಿಷ ನಡೆದರೆ ಇವು ಇಪ್ಪತ್ತು ಎಣಿಸುವಷ್ಟರಲ್ಲಿ ಕೆಳಗಿನ ಮೆತ್ತೆಗೆ ಬೀಳುತ್ತಿದ್ದವು. ಗೂಡು ಕಟ್ಟಿಕೊಳ್ಳಲೆಂದು ಹಾಕಿದ ಕಾಗದದ ಅರಳೆಯನ್ನು ಬಿಡಿಸಲು ಮರೆತವರಂತೆ ಅದರ ಪಕ್ಕದಲ್ಲೇ ಮಲಗುತ್ತಿದ್ದವು. ಬೀಗದ ಕೈ ಗೊಂಚಲು ಝಣ್ ಎಂದರೆ ಒಂದೆರಡು ಇಲಿಗಳು ನಿಂತಲ್ಲೇ ಸೆಟೆದು, ಪಕ್ಕಕ್ಕೆ ಉರುಳಿ, ಕಾಲು ಅದುರಿಸುತ್ತಿದ್ದವು. ಕಸ್ತೂರಿ ಗೊಂಚಲಿಗೆ ಬಟ್ಟೆ ಸುತ್ತಿಕೊಂಡಳು.

"ಇದಕ್ಕ ಕಾರಣ ಏನ್ರಿ ಮೇಡಂ?" ಎಂದು ಒಂದು ದಿನ ಕೇಳಿದಳು.

ನಫೀಸಾ ಮೇಜಿನ ದೀಪದ ವೈರನ್ನು ಎತ್ತಿ ತೋರಿಸಿದರು. "ವೈರಿನ ಮ್ಯಾಲೆ ರಬ್ಬರ್ ಇರ್ತದಲ್ಲ, ಹಂಗ ನರದ ಮ್ಯಾಲೂ ಒಂದು ಹೊದಿಕಿ ಇರ್ತದ. ಜಿಡ್ಡಿಂದು. ಆ ಜಿಡ್ಡು ತಯಾರ ಮಾಡೋ ಕೆಲಸಾನ ಈ ಅಕ್ಷರ ಕೆಡಸೇದ ಅಂತ ನನ್ನ ಅನುಮಾನ. ಹೊದಿಕಿ ತೆಳ್ಳಗಾದಂಗ ಮಿದುಳು ಹೇಳಿದ್ದು ಕಾಲಿಗೆ ಹೊತ್ತಿಗೆ ಸರಿಯಾಗಿ ಮುಟ್ಟೂದಿಲ್ಲ. ಅರ್ಧಾ ದಾರಿಯೊಳಗ ಸೋರಿ ಹೋಗ್ತದ."

"ಮುಂದ?"

"ಮುಂದ ಇನ್ನೂ ನೋಡಬೇಕು, ಕಸ್ತೂರಿ. ನಾವು ಇರೂದು ನೋಡ್ಲಿಕ್ಕೇ."

ನೋಡುವುದು ಮಾತ್ರ ಕೆಲಸ. ಅದು ಇಲಿ ಮನೆಯ ಮೊದಲ ನಿಯಮ. ಸಂತತಿಗಳಿಗೆ ಒಂದೇ ಬಗೆಯ ಗಟ್ಟಿ ಉಂಡೆಯ ಆಹಾರ, ಒಂದೇ ನೀರು, ಒಂದೇ ಬಿಸಿ. ಹೊರಗಿನ ಒಂದು ಕಾಳೂ ಒಳಗೆ ಬರಕೂಡದು.

ಆಹಾರದ ಉಂಡೆಗಳು ಪಂಜರದ ಮೇಲಿನ ಜಾಲರಿಯಲ್ಲಿರುತ್ತಿದ್ದವು. ಹಿಂಗಾಲ ಮೇಲೆ ನಿಂತು ಕಡಿದು ತಿನ್ನಬೇಕು. ಮೂರನೆಯ ಪಂಜರದಲ್ಲಿ ಬಲಗಿವಿಗೆ ಎರಡು ಕಚ್ಚು ಗುರುತು ಹಾಕಿದ್ದ ಹೆಣ್ಣಿಲಿಯೊಂದು ನಿಲ್ಲಲು ನೋಡುತ್ತಿತ್ತು, ಬೀಳುತ್ತಿತ್ತು. ಮತ್ತೆ ನಿಲ್ಲುತ್ತಿತ್ತು. ಕಸ್ತೂರಿ ನೋಡಿದಳು. ಸೋಮವಾರ ನೋಡಿದಳು, ಮಂಗಳವಾರ ನೋಡಿದಳು. ಬುಧವಾರ ಬೆಳಿಗ್ಗೆ ಮನೆಯಲ್ಲಿ ಚಟ್ನಿಪುಡಿ ಕುಟ್ಟಲೆಂದು ಗುರೆಳ್ಳನ್ನು, ಅಂದರೆ ಹುಚ್ಚೆಳ್ಳನ್ನು, ಹುರಿದಾಗ, ಖಾರ ಬೆರೆಸುವ ಮುಂಚೆ ಒಂದು ಹಿಡಿ ತೆಗೆದು ಕಾಗದದಲ್ಲಿ ಸುತ್ತಿ ಸೆರಗಿನಲ್ಲಿ ಕಟ್ಟಿಕೊಂಡಳು. ತವರಿನಲ್ಲಿ ಇಲಿಗಳು ಜೋಳದ ಚೀಲ ಬಿಟ್ಟು ಗುರೆಳ್ಳಿನ ಚೀಲವನ್ನೇ ಹುಡುಕಿ ತೂತು ಮಾಡುತ್ತಿದ್ದುದು ಅವಳಿಗೆ ನೆನಪಿತ್ತು.

ಕಪ್ಪು ಕಾಳುಗಳನ್ನು ಪಂಜರದ ನೆಲಕ್ಕೆ ಉದುರಿಸಿದಾಗ ಆ ಹೆಣ್ಣಿಲಿ ಮೂಸಿತು. ಕೂತಲ್ಲೇ ಕೂತು, ಎರಡೂ ಕೈಯಲ್ಲಿ ಒಂದೊಂದೇ ಕಾಳನ್ನು ಹಿಡಿದು ತಿನ್ನತೊಡಗಿತು.

ಒಂದಕ್ಕೆ ಕೊಟ್ಟು ಇನ್ನೊಂದಕ್ಕೆ ಬಿಡುವುದು ಕಸ್ತೂರಿಯ ಕೈಲಾಗುವ ಮಾತಲ್ಲ. ವಾರದೊಳಗೆ ಆರೂ ಪಂಜರಕ್ಕೆ ದಿನಾ ಒಂದೊಂದು ಚಿಟಿಕೆ ಗುರೆಳ್ಳು ಬೀಳುತ್ತಿತ್ತು. ಮಧ್ಯಾಹ್ನ ನಫೀಸಾ ಊಟಕ್ಕೆ ಹೋದಾಗ ಹಾಕಿ, ಸಂಜೆ ಹೊಟ್ಟು ಉಳಿಯದಂತೆ ಹಾಸು ಬದಲಿಸಿ ಬರುತ್ತಿದ್ದಳು. ತಾನು ಮಾಡುತ್ತಿರುವುದು ತಪ್ಪು ಎಂದು ಗೊತ್ತಿತ್ತು. ಆದರೆ ಹಾಗೆ ಯೋಚಿಸಲು ಹೊರಟಾಗಲೆಲ್ಲ ಅವಳಿಗೆ ಫರಸಿಯ ಮೇಲಿನ ಹೆಜ್ಜೆ ಕಾಣುತ್ತಿತ್ತು. ಅವು ಇಲಿಗಳೆಂಬುದೇ ಮರೆತುಹೋಗುತ್ತಿತ್ತು.

*

ಹದಿನೈದನೆಯ ವಾರದ ಶುಕ್ರವಾರ. ಕಸ್ತೂರಿ ಬಣ್ಣ ಹಚ್ಚಿ ಬಿಟ್ಟಳು. ಬಲಗಿವಿಯ ಎರಡು ಕಚ್ಚಿನ ಹೆಣ್ಣಿಲಿ ಸಂದಿಯುದ್ದಕ್ಕೂ ಟಕಟಕನೆ ಓಡಿ ಗೂಡು ಸೇರಿತು. ಕಾಗದದ ಮೇಲೆ ನೇರಳೆ ಹೂಗಳ ಎರಡು ಸಾಲು.

ಅವಳ ಕಣ್ಣು ತುಂಬಿತು. ಮುಖಗವಸಿನೊಳಗೆ ಯಾರಿಗೂ ಕಾಣದಂತೆ ನಕ್ಕಳು.

ನಫೀಸಾ ಅವತ್ತು ಮೂರು ವಾರದ ಪಟ್ಟಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. "ಬರ್ರಿ, ಬರ್ರಿ. ಒಂದು ಚೊಲೋ ಸುದ್ದಿ ಅದ," ಎಂದರು. "ನಾಕನೂರಾ ಹದಿನೇಳು ತಾನಾಗೇ ಸುಧಾರಸ್ಲಿಕ್ಕೆ ಹತ್ತೇದ. ಹೊದಿಕಿ ಬೆಳ್ಯೂದು ಸ್ವಲ್ಪ ತಡಾ ಆಗ್ತದ, ಆಮ್ಯಾಲೆ ತಾನೇ ಸರಿಹೋಗ್ತದ ಅಂತ ಕಾಣಸ್ತದ. ಮುಂದಿನ ವಾರ ವರದಿ ಹೋಗಬೇಕು. 'ಅಪಾಯವಿಲ್ಲ, ಚಿಕಿತ್ಸೆ ಬೇಡ' ಅಂತ ಬರೀತೀನಿ. ಯಾರ ಮನೀ ಕೂಸೋ, ಪಾರಾತು."

ಕಸ್ತೂರಿ ಪಟ್ಟಿಯನ್ನು ಹಿಡಿದುಕೊಂಡೇ ನಿಂತಳು.

ಅಪಾಯವಿಲ್ಲ, ಚಿಕಿತ್ಸೆ ಬೇಡ. ಆ ಪತ್ರ ತನ್ನ ಮನೆಗೇ ಬಂದರೆ? ಅತ್ತೆ ಸಕ್ಕರೆ ಹಂಚುತ್ತಾರೆ. ಈರಣ್ಣ ಪತ್ರವನ್ನು ಡಿಪೋದಲ್ಲೆಲ್ಲ ತೋರಿಸಿಕೊಂಡು ಬರುತ್ತಾನೆ. ಸಂಪಿಯ ಕಾಲು ಎಳೆಯುತ್ತಲೇ ಹೋಗುತ್ತದೆ. ಬೇರೆ ಯಾರದೋ ಮನೆಗೆ ಹೋದರೆ ಅಲ್ಲೊಬ್ಬಳು ತಾಯಿ ಮಗಳ ಹೆಜ್ಜೆ ನೋಡುವುದನ್ನೇ ನಿಲ್ಲಿಸಿಬಿಡುತ್ತಾಳೆ.

"ಮೇಡಂ, ಅದು ತಾನಾಗೇ ಸುಧಾರಿಸಿಲ್ಲರಿ," ಎಂದಳು. "ನಾ ಗುರೆಳ್ಳ ಹಾಕೇನ್ರಿ. ಐದು ವಾರದಿಂದ. ಆರೂ ಪಂಜರಕ್ಕ."

ನಫೀಸಾರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕಸ್ತೂರಿ, ಈ ಇಲಿಗೋಳು ಸುಳ್ಳು ಹೇಳೂದಿಲ್ಲ ಅನ್ನೂ ಒಂದೇ ನಂಬಿಕಿ ಮ್ಯಾಲೆ ಈ ಕಟ್ಟಡ ನಿಂತದ. ನೀವು ಅವುಗಳ ಬಾಯಿಲೆ ಸುಳ್ಳು ಹೇಳಿಸಿದ್ರಿ."

"ಹೌದ್ರಿ."

"ಯಾಕ?"

ಕಸ್ತೂರಿ ಕಾರ್ಡಿನ ಮಾತು, ಫರಸಿಯ ಮೇಲಿನ ಹೆಜ್ಜೆಯ ಮಾತು, ರೆಪ್ಪೆಯ ಮಾತು ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅಳು ಬಂತು. ನಫೀಸಾ ನೀರು ಕೊಡಲಿಲ್ಲ, ಸಮಾಧಾನ ಹೇಳಲಿಲ್ಲ. ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿಟ್ಟು ಕಿಟಕಿಯ ಕಡೆ ಮುಖ ಮಾಡಿದರು.

"ಅದು ನಿಮ್ಮ ಮಗಳದೇ ಅಂತ ನನಗೂ ಹೇಳ್ಲಿಕ್ಕೆ ಬರೂದಿಲ್ಲ. ಅಲ್ಲಂತನೂ ಹೇಳ್ಲಿಕ್ಕೆ ಬರೂದಿಲ್ಲ," ಎಂದರು. "ಇದನ್ನ ನಾ ಇದ್ದಂಗ ಬರೀತೀನಿ. ನಿಮ್ಮ ಕೆಲಸದ ಮಾತು ಮ್ಯಾಲಿನವರು ಏನರ ತೀರ್ಮಾನ ಮಾಡ್ಲಿ." ಆಮೇಲೆ ತಿರುಗಿದರು. ಮುಖ ಬೇರೆಯಾಗಿತ್ತು. "ಬರೇ ಗುರೆಳ್ಳು? ಹಸೀದೋ, ಹುರದದ್ದೋ? ದಿನಕ್ಕ ಎಷ್ಟು?"

*

ವರದಿಯನ್ನು ಆರು ವಾರ ಮುಂದೆ ಹಾಕಿದರು. ಆರು ಪಂಜರಗಳಲ್ಲಿ ಮೂರಕ್ಕೆ ಗುರೆಳ್ಳು ಕೊಡಬೇಕು, ಮೂರಕ್ಕೆ ಕೊಡಬಾರದು. ಯಾವ ಮೂರಕ್ಕೆ ಎಂದು ಚೀಟಿ ಎತ್ತಿದರು. ಎರಡು ಕಚ್ಚಿನ ಹೆಣ್ಣಿಲಿಯ ಪಂಜರ ಕೊಡಬಾರದ ಕಡೆಗೆ ಬಂತು.

"ಈ ಕೆಲಸ ನೀವೇ ಮಾಡಬೇಕು," ಎಂದರು ನಫೀಸಾ. "ನಿಮ್ಮ ಕೈಗೆ ಹೊಂದ್ಯಾವ ಅವು. ಹೊಸಬರು ಮುಟ್ಟಿದ್ರ ಬೆದರಿ ನಡಿಗೀನೇ ಬದಲ್ ಆಗ್ತದ."

ಅದು ಶಿಕ್ಷೆಯೋ ನಂಬಿಕೆಯೋ ಕಸ್ತೂರಿಗೆ ತಿಳಿಯಲಿಲ್ಲ. ಎರಡೂ ಇದ್ದಿರಬೇಕು. ಮನೆಯಲ್ಲಿ ಬೆಳಿಗ್ಗೆ ಎದ್ದು ಗುರೆಳ್ಳು ಹುರಿದು, ಖಾರವಿಲ್ಲದೆ ಕುಟ್ಟಿ, ಬೆಲ್ಲ ಸೇರಿಸಿ ಉಂಡೆ ಕಟ್ಟಿ ಸಂಪಿಗೆ ತಿನ್ನಿಸುತ್ತಿದ್ದಳು. ಇಲಿ ಮನೆಗೆ ಬಂದು ಮೂರು ಪಂಜರಕ್ಕೆ ತೂಕ ಮಾಡಿ ಕಾಳು ಹಾಕುತ್ತಿದ್ದಳು. ಉಳಿದ ಮೂರರ ಮುಂದೆ ಬರೀ ಕೈಯಲ್ಲಿ ನಿಲ್ಲುತ್ತಿದ್ದಳು. ವಾಸನೆ ಹಿಡಿದ ಇಲಿಗಳು ಜಾಲರಿಗೆ ಮೂಗು ಒತ್ತುತ್ತಿದ್ದವು. ಎರಡನೆಯ ವಾರಕ್ಕೆ ಎರಡು ಕಚ್ಚಿನದರ ನೀಲಿ ಹೆಜ್ಜೆ ಕೆಂಪನ್ನು ಬಿಟ್ಟು ಸರಿಯಿತು. ಮೂರನೆಯ ವಾರಕ್ಕೆ ಗೆರೆಯಾಯಿತು. ನಾಲ್ಕನೆಯ ವಾರ ಅದು ಮೂಗು ಒತ್ತಲು ಎದ್ದು ಬರಲಿಲ್ಲ. ಕಸ್ತೂರಿ ಅಳತೆ ಬರೆದಳು. ಅಂಕಿ ತಪ್ಪಿ, ಹೊಡೆದು ಹಾಕಿ, ಮತ್ತೆ ಬರೆದಳು.

"ಇಷ್ಟು ಸಾಕಲ್ಲರಿ ಮೇಡಂ? ಗೊತ್ತಾತಲ್ಲರಿ?"

"ಇನ್ನೆರಡು ವಾರ. ಇವತ್ತು ನಿಂತ್ರ 'ಇರಬಹುದು' ಅಂತ ಬರೀಬೇಕಾಗ್ತದ. ಎರಡ ವಾರ ತಡದ್ರ 'ಹೌದು' ಅಂತ ಬರೀಬಹುದು. ನೀವು ತಾಯಿ. ಪತ್ರದಾಗ ಯಾವ ಮಾತು ಇರಬೇಕು ಅಂತೀರಿ?"

ಕಸ್ತೂರಿ ಇನ್ನೆರಡು ವಾರ ತಡೆದಳು.

ಆರನೆಯ ವಾರದ ಕೊನೆಗೆ ಲೆಕ್ಕ ಸ್ಪಷ್ಟವಾಗಿತ್ತು. ಕಾಳು ತಿಂದ ಹನ್ನೆರಡರಲ್ಲಿ ಹನ್ನೊಂದು ನೆಟ್ಟಗೆ ನಡೆಯುತ್ತಿದ್ದವು. ತಿನ್ನದ ಹನ್ನೆರಡೂ ಕಾಲೆಳೆಯುತ್ತಿದ್ದವು. ಗುರೆಳ್ಳಿನ ಎಣ್ಣೆಯೊಳಗಿನ ಒಂದು ಜಿಡ್ಡಿನಿಂದ ಇಲಿಯ ದೇಹ ತಾನು ಮಾಡಲಾಗದ ಹೊದಿಕೆಯನ್ನು ಬೇರೆ ದಾರಿಯಲ್ಲಿ ಮಾಡಿಕೊಳ್ಳುತ್ತಿತ್ತು. ಬೇರು ಸಮೇತ ಗುಣವಾಗುವುದಲ್ಲ. ದಿನಾ ಕೊಡಬೇಕು, ನಿಲ್ಲಿಸಿದರೆ ಮತ್ತೆ ಮೊದಲಿನ ಹಾಗೆಯೇ. ಅಂದು ಸಂಜೆ ಉಳಿದ ಮೂರು ಪಂಜರಗಳಿಗೂ ಕಾಳು ಹಾಕಲು ಅಪ್ಪಣೆಯಾಯಿತು. ಕಸ್ತೂರಿ ಎರಡು ಕಚ್ಚಿನದನ್ನು ಅಂಗೈ ಮೇಲೆ ಕೂರಿಸಿಕೊಂಡು ತಾನೇ ತಿನ್ನಿಸಿದಳು. ಅದು ಹೆಬ್ಬೆರಳಿನ ಬುಡಕ್ಕೆ ತಲೆ ಆನಿಸಿ, ನಡುಗುತ್ತಲೇ ತಿಂದಿತು.

ನಫೀಸಾ ವರದಿ ಬರೆಯಲು ಕೂತವರು, "ದಿನಕ್ಕ ಹತ್ತು ಗ್ರಾಂ ಗುರೆಳ್ಳು, ವೈದ್ಯರ ನಿಗಾದಾಗ," ಎಂದು ಓದಿ, ಪೆನ್ನು ಕಚ್ಚಿದರು. "ಅಲ್ಲ, ಆರು ವರ್ಷದ ಹುಡುಗ್ರು ಇದನ್ನ ತಿಂತಾವೇನು? ನಮ್ಮ ಮನ್ಯಾಗ ಹುಡುಗ್ರಿಲ್ಲ. ನನಗೆ ಗೊತ್ತಿಲ್ಲ."

"ಹಂಗ ಕೊಟ್ರ ಉಗಳ್ತಾವ್ರಿ."

"ಹಂಗಾರ ಹೆಂಗ ತಿನ್ನಿಸಬೇಕು ಅಂತ ನೀವೇ ಒಂದು ಹಾಳಿ ಬರದು ಕೊಡ್ರಿ. ಪತ್ರದ ಜೋಡಿ ಲಗತ್ತಿಸ್ತೀನಿ."

ಕಸ್ತೂರಿ ಅದನ್ನು ಮನೆಯಲ್ಲಿ, ಸಂಪಿ ಶಾಲೆಗೆ ಹೋದ ಮೇಲೆ, ಅಡುಗೆಕಟ್ಟೆಯ ಮೇಲೆ ಕಾಗದವಿಟ್ಟುಕೊಂಡು ಬರೆದಳು. ಒಲೆಯ ಮೇಲಿನ ಬೇಳೆ ಉಕ್ಕಿದಾಗ ಎದ್ದು, ಮತ್ತೆ ಬಂದು ಬರೆದಳು. ಹುರಿಯುವುದು ಹೇಗೆ, ಬೆಲ್ಲ ಎಷ್ಟು, ಉಂಡೆ ಎಷ್ಟು ದಪ್ಪ. ಬೆಳಿಗ್ಗೆ ಕೊಡಬೇಡಿ, ಶಾಲೆಯ ಗಡಿಬಿಡಿಯಲ್ಲಿ ಬಾಯಲ್ಲೇ ಇಟ್ಟುಕೊಂಡು ಹೋಗಿ ಹೊರಗೆ ಉಗಿದಾಳು. ಸಂಜೆ ಹಸಿದು ಬಂದಾಗ ಕೊಡಿ. ಹಲ್ಲಿಗೆ ಕಪ್ಪು ಅಂಟಿತೆಂದು ಬೇರೆ ಮಕ್ಕಳು ನಕ್ಕರೆ ಮಾರನೆಯ ದಿನ ತಿನ್ನುವುದಿಲ್ಲ, ಆದ್ದರಿಂದ ಬಾಯಿ ಮುಕ್ಕಳಿಸಲು ಹೇಳಿ ಆಟಕ್ಕೆ ಕಳಿಸಿ. ಕೊನೆಗೆ, ಬರೆಯಲೋ ಬೇಡವೋ ಎಂದು ತಡೆದು ಬರೆದಳು: 'ದಿನಾ ಅವಳ ಹೆಜ್ಜೆ ಅಳೆಯಬೇಡಿ. ಅಳೆದರೆ ಕಣ್ಣಿಗೆ ಅದೊಂದೇ ಕಾಣುತ್ತದೆ.'

ತಾನು 'ಅವಳು' ಎಂದೇ ಬರೆದೆನೆಂದು, ಅದು ಹುಡುಗನೂ ಇರಬಹುದೆಂದು, ಕೊಟ್ಟು ಬಂದ ಮೇಲೆ ಹೊಳೆಯಿತು.

*

ಮೇಲಿನವರ ತೀರ್ಮಾನವೂ ಬಂತು. ಕಸ್ತೂರಿಗೆ ಒಂದು ವರ್ಷ ಪಂಜರ ತೊಳೆಯುವ ಕೋಣೆ. ಉಗಿ, ಸೋಪು, ಬಿಸಿನೀರು. ಇಲಿಗಳ ಮುಖ ನೋಡುವಂತಿಲ್ಲ. ಅವಳು ಒಪ್ಪಿಕೊಂಡಳು. ತೊಳೆಯಲು ಬರುವ ಪಂಜರಗಳ ಚೀಟಿ ನೋಡಿ, ನಾಲ್ಕುನೂರ ಹದಿನೇಳರದಾದರೆ ಹಾಸು ಚೆಲ್ಲುವ ಮುಂಚೆ ಗೂಡು ಕಟ್ಟಿವೆಯೇ ಎಂದು ನೋಡುತ್ತಿದ್ದಳು. ಒಂದು ದಿನ ಮೂರನೆಯ ಪಂಜರದ ಹಾಸಿನಲ್ಲಿ, ಕಾಗದದ ಅರಳೆಯನ್ನು ಎಳೆ ಎಳೆಯಾಗಿ ಬಿಡಿಸಿ ಕಟ್ಟಿದ ದುಂಡನೆಯ ಗೂಡೊಂದು ಸಿಕ್ಕಿತು.

ಪತ್ರ ಬಂದದ್ದು ಒಂದು ಶನಿವಾರ ಮಧ್ಯಾಹ್ನ. ಈರಣ್ಣ ಊಟಕ್ಕೆ ಬಂದಿದ್ದ. ಲಕೋಟೆಯನ್ನು ಅವನು ಒಡೆಯಲಿಲ್ಲ, ಅವಳ ಕೈಗೆ ಕೊಟ್ಟ. ಗ್ರೀಸಿನ ಬೆರಳ ಗುರುತು ಅದರ ಮೇಲೆ ಮೂಡಿತ್ತು.

ಒಳಗೆ ಒಂದೇ ಹಾಳೆ.

'ಕುಮಾರಿ ಸಂಪದಾ ಈರಣ್ಣ ಹೊಸಮನಿ. ಮೊದಲ ವರದಿ: ಇಲಿಗಳ ನಡಿಗೆ, ದೃಷ್ಟಿ, ಶ್ರವಣ, ನೆನಪು, ಅಂಗಾಂಗಗಳಲ್ಲಿ ಯಾವ ಬದಲಾವಣೆಯೂ ಕಂಡುಬಂದಿಲ್ಲ.'

ಕಸ್ತೂರಿ ಹಾಳೆಯನ್ನು ತಿರುವಿದಳು. ಹಿಂದೆ ಏನೂ ಇರಲಿಲ್ಲ. ಲಕೋಟೆಯನ್ನು ಬೋರಲು ಹಿಡಿದು ಕೊಡವಿದಳು. ಅವಳು ಬರೆದ ಹಾಳೆ ಅದರಲ್ಲಿರಲಿಲ್ಲ.

"ಏನ ಹುಡಕ್ತೀ?" ಈರಣ್ಣ ಪತ್ರ ಕಸಿದುಕೊಂಡು ಓದಿದ. ಓದಿ, ಗೋಡೆಗೆ ಬೆನ್ನು ಕೊಟ್ಟು ಹಾಗೆಯೇ ಕೆಳಗೆ ಕೂತ. ಇಷ್ಟು ದಿನ ನಗುತ್ತಿದ್ದ ಮನುಷ್ಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಮತ್ತ ಕಾಲು? ಅಕೀ ಕಾಲು ಯಾಕ ಎಳೀತೈತಿ?" ಎಂದಳು ಕಸ್ತೂರಿ.

"ಯಾರ ಕಾಲು?" ಶಿವಗಂಗವ್ವ ಒಳಗಿನಿಂದ ಕೇಳಿದರು.

"ಸಂಪೀದು, ಅತ್ತಿ. ಬಲಗಾಲು."

"ಎಳೀತೈತಿ ಎಲ್ಲಿ? ಅಂಗಳದಾಗ ನೋಡು, ಹೆಂಗ ಜಿಗದಾಡಾಕ ಹತ್ಯಾಳ." ಅಂಗಳದಲ್ಲಿ ಸಂಪಿ ಕುಂಟಾಬಿಲ್ಲೆಯ ಮನೆಗಳನ್ನು ಬಲಗಾಲಲ್ಲೇ ಜಿಗಿಯುತ್ತಿದ್ದಳು.

"ಬಚ್ಚಲದಿಂದ ಬರೂ ಮುಂದ ಎಳೀತಾಳಲ್ಲ?"

ಸಂಪಿ ಆಟ ನಿಲ್ಲಿಸಿ ಬಂದಳು. "ಅದು ಆಯಿ ಜೋಡಿ ನಡಿಯೂ ಮುಂದ," ಎಂದಳು ಅಜ್ಜಿಯತ್ತ ಬೆರಳು ಮಾಡಿ, ಇಷ್ಟೂ ತಿಳಿಯದೇ ಎಂಬಂತೆ. "ಆಯಿ ಹಂಗ ನಡೀತಾಳಲ್ಲ. ನಾ ಸೀದಾ ನಡದ್ರ ಆಯಿ ಹಿಂದ ಉಳೀತಾಳ."

ಶಿವಗಂಗವ್ವ ಬಾಯಿಗೆ ಸೆರಗು ಹಿಡಿದರು. ಕಸ್ತೂರಿ ಮಗಳನ್ನು ಎಳೆದು ಅಪ್ಪಿಕೊಂಡಳು. ಕುತ್ತಿಗೆಯ ಬೆವರು, ಧೂಳು, ಬೆಲ್ಲದ ವಾಸನೆ.

ಅತ್ತೆ ಸಕ್ಕರೆ ಡಬ್ಬಿ ತರಲು ಎದ್ದರು. ಕಸ್ತೂರಿಯ ಕಣ್ಣು ಅಡುಗೆಕಟ್ಟೆಯ ಮೇಲೆ, ಸಂಜೆಗೆಂದು ತೆಗೆದಿಟ್ಟ ಗುರೆಳ್ಳಿನ ಬಟ್ಟಲಿನ ಮೇಲೆ ಹೋಯಿತು. ಅಲ್ಲೇ ನಿಂತಿತು.

ಆ ಹಾಳೆ ಇವತ್ತೋ ನಾಳೆಯೋ ಇನ್ನೊಂದು ಮನೆಯಲ್ಲಿ ಇರುತ್ತದೆ. ಗುರೆಳ್ಳನ್ನು ಎಂದೂ ಕಾಣದ ಊರೇ ಇರಬಹುದು. ಆ ತಾಯಿ ಮೊದಲ ಸಲ ಬಾಣಲೆ ಇಡುತ್ತಾಳೆ. ಅವಸರಕ್ಕೆ ಉರಿ ದೊಡ್ಡದು ಮಾಡುತ್ತಾಳೆ. ಗುರೆಳ್ಳು ಒಂದು ಚೂರು ಸೀದರೂ ಕಹಿ. ಒಮ್ಮೆ ಕಹಿ ಹತ್ತಿದರೆ ಕೂಸು ಮತ್ತೆ ಬಾಯಿ ತೆರೆಯುವುದಿಲ್ಲ.

ಸಣ್ಣ ಉರಿ ಎಂದು ಬರೆದಿದ್ದೆನೇ?

ಅವಳಿಗೆ ನೆನಪಾಗಲಿಲ್ಲ. ಬೇಳೆ ಉಕ್ಕಿದ್ದು ನೆನಪಿತ್ತು, ಎದ್ದು ಹೋದದ್ದು ನೆನಪಿತ್ತು. ಬಂದು ಎಲ್ಲಿಂದ ಮುಂದುವರಿಸಿದೆ? ಎದೆ ಮತ್ತೆ ಹೊಡೆದುಕೊಳ್ಳತೊಡಗಿತು. ಮೂರು ತಿಂಗಳಿಂದ ಹೊಡೆದುಕೊಂಡ ಹಾಗೆಯೇ. ಗಂಡನ ಮೊಬೈಲು ಎತ್ತಿಕೊಂಡು ನಫೀಸಾರಿಗೆ ಫೋನು ಹಚ್ಚಿದಳು.

"ಮೇಡಂ, ನಾ ಕಸ್ತೂರಿ. ಆ ಹಾಳ್ಯಾಗ ಸಣ್ಣ ಉರಿ ಮ್ಯಾಲೆ ಹುರೀಬೇಕು ಅಂತ ಬರದೇನೇನ್ರಿ ನಾ? ಬರದಿಲ್ಲಂದ್ರ ಇನ್ನೊಂದು ಪತ್ರ ಹಾಕಸ್ರಿ, ಇವತ್ತೇ ಹಾಕಸ್ರಿ. ಹತ್ತಿ ಹೋದ್ರ ಕಹಿ ಆಗ್ತಾವ್ರಿ, ಕೂಸು ತಿನ್ನೂದಿಲ್ಲ—"

"ಬರದೀರಿ," ಎಂದರು ನಫೀಸಾ. "ಎರಡು ಸಲ ಬರದೀರಿ. ಕೆಳಗ ಗೆರಿ ಬ್ಯಾರೆ ಎಳದೀರಿ."

ಕಸ್ತೂರಿ ಉಸಿರು ಬಿಟ್ಟಳು.

"ಕಸ್ತೂರಿ," ನಫೀಸಾ ಮೆಲ್ಲಗೆ ಕೇಳಿದರು, "ನಿಮ್ಮ ಮನೀ ಪತ್ರ ಬಂತೇನು? ಅದರಾಗ ಆ ಹಾಳಿ ಇಲ್ಲ?"

"ಇಲ್ಲರಿ ಮೇಡಂ."

"ಅಲ್ಹಮ್ದುಲಿಲ್ಲಾ," ಎಂದರು ನಫೀಸಾ.

"ಹೌದ್ರಿ," ಎಂದಳು ಕಸ್ತೂರಿ. ಇಬ್ಬರೂ ಫೋನು ಇಡಲಿಲ್ಲ. ಅಂಗಳದಲ್ಲಿ ಸಂಪಿ ಜಿಗಿಯುತ್ತ ಮನೆಗಳನ್ನು ಎಣಿಸುವುದು ಇಬ್ಬರಿಗೂ ಕೇಳುತ್ತಿತ್ತು.